ಕೊಳದ ಉಪ್ಪು ಕಾಯುವ ಅಕ್ಕ

"ನನ್ನ ಹೆಸರು ಎಲ್ಲೆಲ್ಲಿ ಬರೀತಾರೋ ಅಲ್ಲೆಲ್ಲ ಪಕ್ಕದಲ್ಲೇ ನಿನ್ನ ಹೆಸರೂ ಬರೆಸ್ತೀನಿ ಕಣೇ ಅಕ್ಕ."

ಮೂವತ್ತು ವರ್ಷದ ಹಿಂದೆ, ಕಲ್ಲುಕ್ವಾರಿಯ ಹೊಂಡದಲ್ಲಿ ಅಕ್ಕನ ಕೊರಳಿಗೆ ಜೋತುಬಿದ್ದು ಮೊದಲ ಸಲ ದಡದಿಂದ ದಡಕ್ಕೆ ದಾಟಿದ ಒಂಬತ್ತು ವರ್ಷದ ತಂಗಿ ಕೊಟ್ಟ ಮಾತಿದು. ತಂಗಿ ಈಗ ಉಪ್ಪುನೀರಿನ ಈಜುಕೊಳವೊಂದರ ಹೆಸರಾಂತ ಕೋಚ್. ಅಕ್ಕ ಅದೇ ಕೊಳದ ಉಪ್ಪು ನೋಡಿಕೊಳ್ಳುತ್ತಾರೆ.

ಬೆಳಗಿನ ಐದು ಗಂಟೆ. ಅಕ್ಕ ಕೊಳದ ಅಂಚಿನಲ್ಲಿ ಮಂಡಿಯೂರಿ, ಕೈಯನ್ನು ಮೊಣಕೈವರೆಗೆ ನೀರಿಗೆ ಇಳಿಬಿಟ್ಟು ಪುಟ್ಟ ಬಾಟಲಿ ತುಂಬಿಸುತ್ತಾರೆ. ಮೇಲಿನ ನೀರು ಸುಳ್ಳು ಹೇಳುತ್ತದಂತೆ. ಒಂದೇ ಕಡೆಯ ನೀರನ್ನೂ ಅವರು ನಂಬುವುದಿಲ್ಲ. ಮೂರು ಮೂಲೆಯಿಂದ ಮೂರು ಬಾಟಲಿ. ಒಂದೊಂದರಲ್ಲೂ ಪರೀಕ್ಷೆಯ ಪಟ್ಟಿ ಅದ್ದಿ, ಬಣ್ಣ ಏರುವುದನ್ನು ಕಣ್ಣು ಕಿರಿದಾಗಿಸಿ ನೋಡಿ, ಪಂಪ್ ರೂಮಿನ ಗೋಡೆಯ ಮೇಲೆ ಸೀಸದ ಕಡ್ಡಿಯಲ್ಲಿ ಬರೆಯುತ್ತಾರೆ: 3200, 3200, 3150.

"ಲೀಟರ್ ನೀರಿಗೆ ಮೂರು ಗ್ರಾಂ ಚಿಲ್ಲರೆ ಉಪ್ಪು. ನಾಲಿಗೆಗೆ ಅಷ್ಟಾಗಿ ಗೊತ್ತಾಗಲ್ಲ, ಮೆಷಿನ್‌ಗೆ ಗೊತ್ತಾಗುತ್ತೆ" ಎನ್ನುತ್ತಾರೆ. ಆ ಮೆಷಿನ್ ಉಪ್ಪಿನಿಂದಲೇ ಕ್ಲೋರಿನ್ ತಯಾರಿಸಿ ನೀರನ್ನು ಚೊಕ್ಕಟವಾಗಿಡುತ್ತದೆ. ಉಪ್ಪು ಕಡಿಮೆಯಾದರೆ ಕೆಲಸ ನಿಧಾನ. ಹೆಚ್ಚಾದರೆ ಮುನಿಸಿಕೊಂಡು ನಿಂತೇಬಿಡುತ್ತದೆ. ಎರಡು ದಿನ ನಿಂತರೆ ನೀರಿಗೆ ಹಸಿರು ಬಣ್ಣ. ನಾಲ್ಕು ಲಕ್ಷ ಲೀಟರ್ ನೀರು, ದಿನಕ್ಕೆ ನೂರಾ ಎಂಬತ್ತು ಮಕ್ಕಳು, ಹನ್ನೊಂದು ವರ್ಷ. ಅಕ್ಕನ ಕೈಬೆರಳ ಸಂದಿಗಳಲ್ಲಿ ಬಿಳಿ ಬಿರುಕುಗಳಿವೆ.

ಆರು ಗಂಟೆಗೆ ಕೋಚ್ ಬರುತ್ತಾರೆ. ಸೀಟಿ ಊದಿದರೆ ಮಕ್ಕಳೆಲ್ಲ ಸಾಲಾಗಿ ನಿಲ್ಲುತ್ತಾರೆ. ಅರೆನಿದ್ದೆಯಲ್ಲಿ ಮಕ್ಕಳನ್ನು ಎಳೆದು ತರುವ ನಮ್ಮಂಥ ಅಪ್ಪ ಅಮ್ಮಂದಿರು ಎದ್ದು ನಿಂತು ನಮಸ್ಕಾರ ಹೇಳುತ್ತೇವೆ. ಪಕ್ಕದಲ್ಲೇ ಬ್ರಷ್ ಹಿಡಿದು ಹೋಗುವವರನ್ನು ಯಾರೂ ನೋಡುವುದಿಲ್ಲ. ಕೋಚ್ "ಅಕ್ಕಾ" ಎಂದು ಕೂಗುತ್ತಾರೆಂದು ಎಲ್ಲರಿಗೂ ಅವರು ಅಕ್ಕ. ಚಿಕ್ಕ ಮಕ್ಕಳಿಗೆ ಉಪ್ಪಕ್ಕ.

"ಹೊಟ್ಟೆಕಿಚ್ಚಾಗಲ್ವಾ?" ಎಂದು ಕೇಳಿದೆ. ಇಲ್ಲ ಎನ್ನುತ್ತಾರೆ ಅಂದುಕೊಂಡಿದ್ದೆ.

"ಆಗದೆ ಏನು? ಕಲ್ಲಾ ನಾನು?" ಅಂದರು. "ಅವಳಿಗೆ ಈಜು ಕಲಿಸಿದ್ದು ನಾನು. ತರಬೇತಿಗೆ ಒಬ್ಬಳನ್ನ ಕಳಿಸ್ತೀನಿ ಅಂದ್ರು ಅಪ್ಪ. ಚಿಕ್ಕವಳು ಹೋಗಲಿ ಅಂದೆ. ಅವರಲ್ಲ, ನಾನೇ ಅಂದಿದ್ದು! ಬೇರೆಯವರು ಅಂದಿದ್ರೆ ಅವರನ್ನ ಬೈಕೊಂಡು ಆರಾಮಾಗಿರ್ತಿದ್ದೆ. ಅವಳ ಕೊರಳಲ್ಲಿ ಒಂದೊಂದು ಪದಕ ನೋಡಿದಾಗಲೂ ಚಪ್ಪಾಳೆ ತಟ್ಟಿದ್ದೀನಿ. ಒಳಗೆ ಉರಿದಿದೆ. ಎರಡೂ ನಿಜ."

ಹೋದ ಚಳಿಗಾಲದ ಸಂಗತಿಯನ್ನು ಕೋಚ್ ತಾವೇ ನಗುತ್ತ ಹೇಳಿದರು. ಅಕ್ಕ ಜ್ವರ ಬಂದು ಮಲಗಿದ್ದ ದಿನ ಮೆಷಿನ್ನಿನ ಮೇಲೆ "ಉಪ್ಪು ಕಡಿಮೆ" ಎಂಬ ದೀಪ ಹತ್ತಿತು. ಕೋಚ್ ನಾಲ್ಕು ಮಂದಿ ಪೋಷಕರನ್ನು ಕರೆದು ಇಪ್ಪತ್ತು ಮೂಟೆ ಸುರಿಸಿಬಿಟ್ಟರು. ಅಸಲಿಗೆ ಉಪ್ಪು ಸರಿಯಾಗೇ ಇತ್ತು. ಮೆಷಿನ್ನಿನೊಳಗಿನ ತಗಡುಗಳಿಗೆ ಬಿಳಿ ಪೊರೆ ಕಟ್ಟಿ ಲೆಕ್ಕ ತಪ್ಪಿತ್ತು. "ದೀಪ ಹತ್ತಿದ್ರೆ ಮೊದಲು ತಗಡು ತೊಳೀಬೇಕು, ಮೂಟೆ ಬಿಚ್ಚಬಾರದು" ಎಂಬುದು ಅಕ್ಕನ ಪಾಠ. "ಕಡಿಮೆಯಾದ್ರೆ ಹಾಕಬಹುದು. ಹೆಚ್ಚಾದ್ರೆ ಹೆಕ್ಕೋಕಾಗುತ್ತಾ?"

ಕಾಲು ಭಾಗಕ್ಕಿಂತ ಹೆಚ್ಚು ನೀರನ್ನು ಹೊರಬಿಟ್ಟು ಹೊಸದು ತುಂಬಲು ಮೂರು ದಿನ ಹಿಡಿಯಿತು. ಸ್ಪರ್ಧೆ ಮುಂದೆ ಹೋಯಿತು. ಆಡಳಿತ ಮಂಡಳಿಯವರು ಯಾರ ತಪ್ಪೆಂದು ಕೇಳಿದಾಗ ಅಕ್ಕ "ನಂದೇ" ಅಂದರು.

"ಸುರಿದಿದ್ದು ನಾನು, ಬೈಸ್ಕೊಂಡಿದ್ದು ಅಕ್ಕ! ನಮ್ಮಕ್ಕ ಚಿನ್ನದಂಥವಳು" ಎಂದರು ಕೋಚ್.

ಅಕ್ಕನನ್ನು ಕೇಳಿದರೆ ಬ್ರಷ್ ನಿಲ್ಲಿಸಲಿಲ್ಲ. "ಅವಳು ಬಂದು ಕಾಲು ಹಿಡ್ಕೊಳ್ಳಲಿ ಅಂತ ಆಸೆ ಇತ್ತು. ಥ್ಯಾಂಕ್ಸ್ ಅಕ್ಕಾ ಅಂದು ಸೀಟಿ ಊದ್ಕೊಂಡು ಹೋದ್ಲು."

ಈ ಲೇಖನದಲ್ಲಿ ಹಾಕಲು ಹೆಸರು ಕೇಳಿದಾಗ ಅಕ್ಕ ಕೈ ಒರೆಸಿಕೊಂಡರು. ಕೊಳಕ್ಕೊಂದು ಹೊಸ ಬೋರ್ಡು ಬರುವುದಿತ್ತು, ಶನಿವಾರ ಬಾಗಿಲ ಮೇಲೆ ಏರಿಸುವವರಿದ್ದರು. ಏನು ಬರೆಸಬೇಕೆಂದು ಮಂಡಳಿಯವರು ತಂಗಿಗೇ ಬಿಟ್ಟಿದ್ದರು.

"ಪೇಪರಲ್ಲಿ ಮೊದಲು ಬೇಡ" ಅಂದರು ಅಕ್ಕ. "ಬೋರ್ಡಲ್ಲಿ ಬರಲಿ. ಬಂದ್ರೆ ನೀವೂ ಹಾಕಿ. ಇಲ್ಲದಿದ್ರೆ ಬಿಟ್ಟುಬಿಡಿ."

"ಅವರು ಕೊಟ್ಟ ಮಾತು ನೆನಪಿಸಿದ್ರಾ?"

"ನೆನಪಿಸಿ ಬರೆಸ್ಕೊಂಡ್ರೆ ಅದು ಅರ್ಜಿ ಆಗುತ್ತೆ."

ನಾನೇ ಕೋಚ್ ಹತ್ತಿರ ಬೋರ್ಡಿನ ವಿಷಯ ತೆಗೆದೆ. ಅವರು ಟೋಪಿ ಸರಿಪಡಿಸಿಕೊಳ್ಳುತ್ತ, "ಅಯ್ಯೋ, ಅಕ್ಕನಿಗೆ ಅದೆಲ್ಲ ಹಿಡಿಸಲ್ಲ ಬಿಡಿ. ಬೋರ್ಡು ಅಚ್ಚಿಗೂ ಹೋಯ್ತು" ಅಂದರು. ಪಂಪ್ ರೂಮಿನ ಬಾಗಿಲು ತೆರೆದಿತ್ತು. ಒಳಗಿನಿಂದ, ತಗಡು ತೊಳೆಯುತ್ತಿದ್ದ ಅಕ್ಕನ ದನಿ ಬಂತು: "ಹಿಡಿಸಲ್ಲ ಅಂತ ಯಾರೇ ಹೇಳಿದ್ದು ನಿಂಗೆ?" ಮಕ್ಕಳ ಗದ್ದಲದಲ್ಲಿ ಕೋಚ್‌ಗೆ ಅದು ಕೇಳಿಸಲಿಲ್ಲ.

ಶನಿವಾರ ಬೋರ್ಡು ಬಂತು. ಕಾಗದ ಬಿಚ್ಚಿದರು. ತಂಗಿಯ ನಗುಮುಖ, ಕೆಳಗೆ ದೊಡ್ಡಕ್ಷರದಲ್ಲಿ ಹೆಸರು. ಮೂಲೆಯಲ್ಲಿ, ಗೋಡೆಗೆ ಬಣ್ಣ ಕೊಡಿಸಿದ ಅಂಗಡಿಯವರ ಹೆಸರೂ ಇತ್ತು. ಅಕ್ಕ ಮೇಲಿಂದ ಕೆಳಗೆ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಸೆರಗಿನ ತುದಿಯಿಂದ ತಂಗಿಯ ಗಲ್ಲದ ಮೇಲಿದ್ದ ಧೂಳು ಒರೆಸಿದರು.

"ಫೋಟೊ ಚೆನ್ನಾಗಿ ಬಂದಿದೆ" ಅಂದರು. "ಅವಳ ಹಿಂದೆ ನೀರಿದೆಯಲ್ಲ, ನೋಡಿ. ತಳದ ಗೆರೆ ಒಂದೊಂದೂ ಎಣಿಸಬಹುದು. ಅದು ನಂದು."

ಅಕ್ಕನ ಹೆಸರು ಬೋರ್ಡಿನಲ್ಲಿಲ್ಲ. ಹಾಗಾಗಿ ಇಲ್ಲೂ ಇಲ್ಲ. ತಂಗಿ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.