ಕರಿಬಸಮ್ಮ ಇಂಗ್ಲೆಂಡಿನಲ್ಲಿ ಬಾಣಂತನ ಮಾಡಿದ್ದು

ನಮ್ಮ ದೊಡ್ಡಮ್ಮ ಕರಿಬಸಮ್ಮನನ್ನು ಇಂಗ್ಲೆಂಡಿಗೆ ಕರೆಸಿಕೊಂಡವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡು ಎಂದರೆ ನನ್ನ ಕೈಲಾಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ದೊಡ್ಡಮ್ಮ ಇದ್ದದ್ದು ಬೀರೂರಿನಲ್ಲಿ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ಬಾಣಂತನ ಮಾಡುವುದೇ ಅವಳ ಬದುಕಾಯಿತು. ಕಡೂರು, ತರೀಕೆರೆ, ಅಜ್ಜಂಪುರ, ಎಲ್ಲಿ ಹೆರಿಗೆಯಾದರೂ ಬಸ್ಸು ಹತ್ತಿ ಹೊರಡುತ್ತಿದ್ದಳು. ತಾಯಿಗೆ ಹರಳೆಣ್ಣೆ ತಿಕ್ಕಿ, ಹಂಡೆಗಟ್ಟಲೆ ಬಿಸಿನೀರು ಹೊಯ್ದು, ಮಂಚದ ಕೆಳಗೆ ಕೆಂಡದ ಬಾಂಡ್ಲಿ ಇಟ್ಟು, ಗಾಳಿ ಸೋಕದ ಹಾಗೆ ಬಾಗಿಲು ಕಿಟಕಿ ಹಾಕಿ ಮಲಗಿಸುತ್ತಿದ್ದಳು. "ನನ್ ಕೈಗೆ ಬಂದ ಒಂದು ಕೂಸೂ ಕೈಬಿಟ್ಟೋಗಿಲ್ಲ ಕಣೇ" ಎಂದು ಜಂಬ ಕೊಚ್ಚಿಕೊಳ್ಳುವಳು. ಪಾಪ, ಜಂಬಕ್ಕೆ ಅವಳಿಗಿದ್ದದ್ದು ಅದೊಂದೇ.

ತರೀಕೆರೆಯ ಜಯದೇವಪ್ಪನವರ ಮಗ ಷಡಕ್ಷರಿ ಇಂಗ್ಲೆಂಡಿನಲ್ಲಿ ಡಾಕ್ಟರು. ಎಪ್ಪತ್ತೆಂಟರಲ್ಲಿ ಅವನ ಹೆಂಡತಿ ಮಲ್ಲಿಕಾಂಬ ಬಸುರಿಯಾದಳು. ಅವಳ ತಾಯಿಗೆ ಲಕ್ವ ಹೊಡೆದಿತ್ತು. ಅತ್ತೆಯೋ, ಆ ಚಳಿ ದೇಶಕ್ಕೆ ನಾನೊಲ್ಲೆ ಎಂದು ಕೈತೊಳೆದುಕೊಂಡರು. ಹಾಗಾಗಿ ದೊಡ್ಡಮ್ಮನನ್ನು ವಿಮಾನ ಹತ್ತಿಸಿದರು.

ಅಲ್ಲಿಯ ಚಳಿ ಅವಳಿಗೆ ಕೊನೆಗೂ ಒಗ್ಗಲಿಲ್ಲ. ಬಿಸಿಲು ಕಾಣುತ್ತಿತ್ತಂತೆ, ಕಾಯುತ್ತಿರಲಿಲ್ಲ. ಹಿತ್ತಲಲ್ಲಿ ಒಣಹಾಕಿದ ಸೀರೆ ಹಲಗೆಯ ಹಾಗೆ ಸೆಟೆದುಕೊಳ್ಳುತ್ತಿತ್ತು. ಕೊಬ್ಬರಿ ಎಣ್ಣೆಯನ್ನು ಚಮಚದಲ್ಲಿ ಕೆರೆಯಬೇಕು. ಸೀರೆಯ ಮೇಲೆ ಡಾಕ್ಟರ ಹಳೇ ಕೋಟು, ಕಾಲಿಗೆ ಒಂದರ ಮೇಲೊಂದು ಕಾಲುಚೀಲ ಹಾಕಿಕೊಂಡು ಓಡಾಡುವಳು. ಅಂಗೈ ಬಿರಿದು ರಕ್ತ ಬಂದರೂ ಎಣ್ಣೆ ತಿಕ್ಕುವುದನ್ನು ಬಿಡಲಿಲ್ಲ. ಮಲ್ಲಿಕಾಂಬ ಹೆಣ್ಣು ಹೆತ್ತಳು, ಕೂಸು ಗುಂಡಗಿತ್ತು.

ಬಾಣಂತಿ ಕೋಣೆಯಲ್ಲಿ ಬೆಂಕಿ ಮಾತ್ರ ಕೂಡದು ಎಂದು ಷಡಕ್ಷರಿ ಮೊದಲೇ ಹೇಳಿದ್ದ. ಆದರೆ ಕೋಣೆ ಬೆಚ್ಚಗಿಡಲೆಂದು ಗೋಡೆಗೆ ಕೂರಿಸಿದ ಬಿಸಿನೀರಿನ ಕೊಳವೆ ಮಲ್ಲಿಕಾಂಬಳಿಗೆ ಯಾವ ಮೂಲೆಗೂ ಸಾಲಲಿಲ್ಲ. ಒಂದು ಬೆಳಗ್ಗೆ ಗಂಡ ಡ್ಯೂಟಿಗೆ ಹೋದದ್ದೇ ತಡ, "ಸೊಂಟ ಹಿಡ್ಕೊಂಡ್ಬಿಟ್ಟಿದೆ ಕರಿಬಸಕ್ಕ, ಕೆಂಡ ಇಡು" ಎಂದಳು.

"ಡಾಕ್ಟ್ರು ಬ್ಯಾಡ ಅಂದವ್ರೆ ಕಣವ್ವ."

"ಹೆತ್ತಿರೋದು ನಾನೋ ಅವರೋ? ಇಡು ಅಂದ್ರೆ ಇಡು."

ದೊಡ್ಡಮ್ಮ ಕೆಳಗಿನ ಒಲೆಯಿಂದ ಕಲ್ಲಿದ್ದಲ ಕೆಂಡ ತುಂಬಿ ತಂದು ಮಂಚದ ಕೆಳಗಿಟ್ಟು, ವಾಡಿಕೆಯಂತೆ ಬಾಗಿಲು ಎಳೆದುಕೊಂಡು ಸಾರು ಮಾಡಲು ಹೋದಳು. ನಮ್ಮ ನಾಡಹಂಚಿನ ಮನೆಗಳಲ್ಲಿ ಬಾಗಿಲು ಹಾಕಿದರೂ ಸೂರಿನ ಸಂದಿಯಿಂದ ಗಾಳಿ ಆಡುತ್ತಿರುತ್ತದೆ. ಅಲ್ಲಿ ಚಳಿ ನುಗ್ಗದಿರಲೆಂದು ಕಿಟಕಿಯ ಸಂದುಗೊಂದಿಗೆಲ್ಲ ಪಟ್ಟಿ ಅಂಟಿಸಿದ್ದರು. ಕೆಂಡದ ವಿಷಗಾಳಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ, ಅದು ಅವಳಿಗೆ ಹೇಗೆ ಗೊತ್ತಾಗಬೇಕು?

ಊಟಕ್ಕೆ ಬಂದ ಷಡಕ್ಷರಿ ಮೆಟ್ಟಿಲು ಹತ್ತಿದವನೇ ಕಿರುಚಿಕೊಂಡ. ಹೆಂಡತಿಯನ್ನು ಹೊತ್ತು ಇಳಿಸಿದ, ಕೂಸನ್ನು ಇಳಿಸಿದ. ಕೂಸಿನ ಕತ್ತು ಜೋತಾಡುತ್ತಿದ್ದದ್ದನ್ನು ದೊಡ್ಡಮ್ಮ ಕಣ್ಣಾರೆ ಕಂಡಳು. ಕಾರು ಹೊರಟುಹೋಯಿತು.

ಇಬ್ಬರೂ ಬದುಕಿದರು. ಅದನ್ನು ಅವಳಿಗೆ ಹೇಳುವ ಪುರುಸೊತ್ತು ಯಾರಿಗೂ ಆಗಲಿಲ್ಲ ನೋಡಿ! ಪ್ರಜ್ಞೆ ಬಂದ ಮಲ್ಲಿಕಾಂಬ, ಬೇಡ ಬೇಡ ಅಂದರೂ ಅವಳೇ ಕೆಂಡ ಇಟ್ಟಳು ಎಂದು ಗಂಡನ ಮುಂದೆ ಅತ್ತಳು. ಅವನು ನಂಬಿದ. ಕೂಸು ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ದೊಡ್ಡಮ್ಮನನ್ನು ವಾಪಸ್ಸು ಕಳಿಸಿದ. "ಕೂಸು ಹೆಂಗೈತಪ್ಪ?" ಎಂದು ವಿಮಾನ ನಿಲ್ದಾಣದ ದಾರಿಯುದ್ದಕ್ಕೂ ಅವನನ್ನು ಕೇಳಿದಳಂತೆ. ಪುಣ್ಯಾತ್ಮ ಬಾಯಿ ಬಿಡಲಿಲ್ಲ.

ಬೀರೂರಿಗೆ ಬಂದವಳು ಮತ್ತೆ ಯಾರ ಕೂಸನ್ನೂ ಮುಟ್ಟಲಿಲ್ಲ. ಮನೆ ಬಾಗಿಲಿಗೆ ಬಂದು ಕರೆದವರಿಗೂ "ನಾನು ಕೂಸು ಕೊಂದೋಳು, ಹೋಗ್ರಪ್ಪ" ಎಂದಳು. ತರೀಕೆರೆಯಿಂದ ಸುದ್ದಿ ತಿಳಿದು ನಾನು ಓಡಿ ಬಂದು, ಕೂಸು ಬದುಕಿದೆ ಎಂದೆ. "ನನ್ ಸಮಾಧಾನಕ್ಕೆ ಅಂತೀಯ. ಕಣ್ಣಾರೆ ನೋಡಿದ್ರೆ ನಂಬ್ತೀನಿ" ಎಂದಳು.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಅವರು ಊರಿಗೆ ಬಂದರು. ನಾನೇ ದೊಡ್ಡಮ್ಮನನ್ನು ಬಸ್ಸು ಹತ್ತಿಸಿಕೊಂಡು ತರೀಕೆರೆಗೆ ಹೋದೆ. ಪಡಸಾಲೆ ತುಂಬ ನೆಂಟರು. ಹುಡುಗಿ ಅಲ್ಲೇ ಕುಂಟಾಟ ಆಡುತ್ತಿದ್ದಳು. ದೊಡ್ಡಮ್ಮ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದಳು.

"ಇದೇನಾ ನನ್ ಕೂಸು? ಬದುಕೈತಾ? ನೀನು ಇಡು ಅಂದೆ ಅಂತ ಕೆಂಡ ಇಟ್ಬಿಟ್ಟೆ ಕಣವ್ವ ಮಲ್ಲಿಕಮ್ಮ, ಶಿವ ಕಾಪಾಡ್ದ."

ಷಡಕ್ಷರಿ ಸರಕ್ಕನೆ ಹೆಂಡತಿಯ ಕಡೆ ತಿರುಗಿದ. ಅತ್ತೆಯೂ ತಿರುಗಿದರು. ಮಲ್ಲಿಕಾಂಬಳ ಮುಖ ಬಿಳಿಚಿಕೊಂಡಿತು. ಮಗಳನ್ನು ರಪ್ಪನೆ ಎಳೆದುಕೊಂಡಳು.

"ಯಾವ ಕೂಸು? ಅದು ನಿನ್ ಕೆಂಡಕ್ಕೆ ಅವತ್ತೇ ಸತ್ತೋಯ್ತು. ಇದು ಆಮೇಲೆ ಹುಟ್ಟಿದ್ದು. ನಡಿ ಆಚೆಗೆ!"

ಸುಳ್ಳೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಜಯದೇವಪ್ಪನವರು ಎದ್ದು ಒಳಗೆ ಹೋದರು. ಷಡಕ್ಷರಿ ನೆಲ ನೋಡುತ್ತ ನಿಂತ. "ನಿನ್ನ ಬಾಯಲ್ಲಿ ಹುಳ ಬೀಳ!" ಎಂದು ನಾನು ಕೂಗಾಡಿದೆ. ಕೇಳುವವರು ಯಾರು? ನಮ್ಮನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಂಡರು.

ಬಸ್ಸಿನಲ್ಲಿ ಅವಳ ಕೈ ಹಿಡಿದುಕೊಂಡು, ಕತ್ತಿನ ಲಿಂಗ ಮುಟ್ಟಿ ಆಣೆ ಮಾಡಿದೆ. ಅದೇ ಕೂಸು ದೊಡ್ಡಮ್ಮ, ಅವರಿಗೆ ಇರೋದೇ ಒಂದು ಎಂದೆ. ಅವಳು ನನ್ನ ಮುಖ ನೋಡಿ, ನಾನೇ ಸಣ್ಣ ಮಗುವೇನೋ ಎಂಬಂತೆ ತಲೆ ಸವರಿದಳು.

"ಸುಮ್ನಿರೇ, ಹುಚ್ಚೀ. ಬದುಕಿರೋ ಕೂಸನ್ನ ಹೆತ್ತೋಳು ಎಲ್ಲಾದ್ರೂ ಸತ್ತೋಯ್ತು ಅಂತಾಳಾ?"