ಬಡಿಸುವ ಕೈಯ ಹಸಿವು

ನಸುಕಿನಲ್ಲಿ ಬನಹಟ್ಟಿಯ ಆ ಓಣಿಗೆ ಹೊಕ್ಕರೆ ಮಗ್ಗಗಳ ಖಟಪಟದ ನಡುವೆ ಇನ್ನೊಂದು ಸದ್ದು ಕೇಳುತ್ತದೆ. ರೆಬೆಕ್ಕ ರೊಟ್ಟಿ ಬಡಿಯುತ್ತಿದ್ದಾರೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹೊಯ್ದು ನಾದುತ್ತಾರೆ, ತಟ್ಟಿ ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ವಯಸ್ಸು ಅರವತ್ತರ ಹತ್ತಿರ. ಕೈಯ ಚುರುಕು ನೋಡಿದರೆ ಯಾರೂ ನಂಬಲಿಕ್ಕಿಲ್ಲ. ರಾತ್ರಿ ಪಾಳಿ ಮುಗಿಸಿದ ಮಗ್ಗದವರು ಒಬ್ಬೊಬ್ಬರಾಗಿ ಬಂದು ಕಟ್ಟೆಯ ಮೇಲೆ ಕೂಡುತ್ತಾರೆ. ದಿನಕ್ಕೆ ಇನ್ನೂರರ ಮೇಲೆ ರೊಟ್ಟಿ ಈ ಒಲೆಯಿಂದ ಏಳುತ್ತವೆ.

ಹುಟ್ಟಿದ್ದು ಜಮಖಂಡಿ, ಸೊಸೆಯಾಗಿ ಬಂದದ್ದು ಇಲ್ಲಿಗೆ. ಮಗ್ಗದ ಕೆಲಸಕ್ಕಿದ್ದ ಗಂಡ ತೀರಿಕೊಂಡ ಮೇಲೆ ಮನೆ ನಡೆದದ್ದು ರೊಟ್ಟಿಯಿಂದಲೇ. ಒಲೆ ಆರಿದ ಮೇಲೆ ಯಾರಾದರೂ ಹಸಿದು ಬಂದರೆ ಮತ್ತೆ ಹೊತ್ತಿಸುತ್ತಾರೆ. ಬೈಗುಳವಂತೂ ತಪ್ಪಿದ್ದಲ್ಲ. ‘ಹೊತ್ತಿಗೆ ಸರಿ ಬರಾಕ ಏನ ಧಾಡಿ ನಿಮಗ?’ ಎನ್ನುತ್ತಲೇ ಹಿಟ್ಟಿಗೆ ಕೈ ಹಾಕುತ್ತಾರೆ.

ಈ ಹಟದ ಹಿಂದೆ ಒಂದು ಸಂಜೆಯಿದೆ. ಹಾಸಿಗೆ ಹಿಡಿದಿದ್ದ ಅತ್ತೆ ಅಂದು ಬಿಸಿ ರೊಟ್ಟಿ ಕೇಳಿದ್ದರು. ದಣಿದ ಸೊಸೆ ಸಿಡುಕಿದರು.

‘ಊರಿಗೆಲ್ಲಾ ಬಡದು ಕೈ ಬಿದ್ದಾವು, ನಾಳೆ ಮಾಡ್ತೀನಿ, ಸುಮ್ನ ಮಲಕೋರಿ ಅತ್ತಿ ಅಂದೆ. ಆಕಿಗೆ ನಾಳೆ ಬರಲೇ ಇಲ್ರಿ.’

ಅಲ್ಲಿಂದಾಚೆ ಎಷ್ಟೋ ವರ್ಷ ಚರ್ಚಿನಲ್ಲಿ ಪ್ರಸಾದದಂತೆ ಹಂಚುವ ಪ್ರಭು ಭೋಜನದ ರೊಟ್ಟಿ ರೆಬೆಕ್ಕನ ಬಾಯಿಗೆ ಹೋಗಲಿಲ್ಲ. ತಿಂಗಳ ಮೊದಲ ಭಾನುವಾರ ಹಿಟ್ಟು ಹುದುಗಿಸದ ಆ ಗೋದಿ ರೊಟ್ಟಿ ಮಾಡಿಕೊಡುವವರೂ ಅವರೇ. ಉಳಿದವರು ಮುಂದೆ ಹೋಗಿ ಮೊಣಕಾಲೂರುವಾಗ ಇವರು ಹಿಂದಿನ ಬಾಗಿಲಿಂದ ಜಾರಿಕೊಳ್ಳುತ್ತಿದ್ದರು. ‘ದೇವರು ಕ್ಷಮಿಸ್ಯಾನ್ರಿ ಅಕ್ಕಾ, ಬರ್ರಿ’ ಎಂದು ಚರ್ಚಿನ ಪಾದ್ರಿ, ಸಭಾಪಾಲಕ ಅಮಿತ ಕರೆದದ್ದು ಒಂದೆರಡು ಸಲವಲ್ಲ. ‘ಬರೂ ತಿಂಗಳ ನೋಡೋಣ್ರಿ’ ಎನ್ನುವುದೇ ಉತ್ತರ. ದೇವರಿಗೆ ಕರುಣೆಯಿದೆ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಅದು ತನ್ನ ಪಾಲಿಗೂ ಇದೆಯೆಂದು ನಂಬಲು ಧೈರ್ಯ ಸಾಲುತ್ತಿರಲಿಲ್ಲ.

‘ಸಾಯಾಕಿಗೆ ಒಂದ ರೊಟ್ಟಿ ಕೊಡದ ಕೈ ಇದು. ದೇವರ ಮುಂದ ಹೆಂಗ ಚಾಚಲಿ?’

ಈ ಗಂಟು ಬಿಡಿಸಿದ್ದು ಚರ್ಚಿನ ಉಪದೇಶವಲ್ಲ, ನೇಕಾರ ಕಾಶಪ್ಪ. ಹಣೆ ತುಂಬ ವಿಭೂತಿ ಬಳಿಯುವ ಮುದುಕ, ಚರ್ಚಿನ ಮೆಟ್ಟಿಲು ಹತ್ತಿದವರಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಒಲೆ ಆರಿದ ಮೇಲೆ ಬಂದರು, ಬೈಸಿಕೊಂಡರು, ಉಣ್ಣಲು ಕೂತರು. ಮಾತಿಗೆ ಮಾತು ಬಂದು ರೆಬೆಕ್ಕ ಎಲ್ಲವನ್ನೂ ಹೇಳಿಕೊಂಡರು. ಕಾಶಪ್ಪ ಬಾಯೊಳಗಿನ ತುತ್ತು ನುಂಗಿ ಕೇಳಿದರು:

‘ಹೊತ್ತ ಮೀರಿ ಬಂದ್ರೂ ನನ್ನ ಹಸಗೊಂಡ ಕಳಿಸಿಲ್ಲ ನೀ. ನಿಮ್ಮ ದೇವ್ರು ನಿನಗಿಂತ ಜಿಪುಣ ಅದಾನೇನವಾ?’

ರೆಬೆಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಮುದುಕ ಗಾಬರಿಯಾಗಿ ನೀರಿನ ತಂಬಿಗೆಯನ್ನು ಅವರ ಕಡೆಗೇ ಸರಿಸಿದರಂತೆ.

ಈ ತಿಂಗಳ ಮೊದಲ ಭಾನುವಾರವೂ ಅವರ ಕಾಲು ಹಿಂದಿನ ಬಾಗಿಲಿಗೇ ನಡೆದಿತ್ತು. ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ತಿರುಗಿ ಬಂದು ಸಾಲಿನ ಕೊನೆಗೆ ಸೇರಿಕೊಂಡರು. ಕೈ ಚಾಚಿದರು. ಅಮಿತ ಆ ಅಂಗೈಯಲ್ಲಿ ರೊಟ್ಟಿಯ ಒಂದು ತುಣುಕು ಇಟ್ಟರು.

ಅತ್ತೆಯ ನೆನಪು ಈಗಲೂ ಚುಚ್ಚುತ್ತದೆ, ಅದನ್ನವರು ಮುಚ್ಚಿಡುವುದಿಲ್ಲ. ಆ ಭಾನುವಾರ ಹೇಗನಿಸಿತು ಎಂದು ಕೇಳಿದರೆ ಹಂಚಿನ ಮೇಲಿನ ರೊಟ್ಟಿ ಮಗುಚಿ ಹೇಳುತ್ತಾರೆ:

‘ಇಷ್ಟ ವರ್ಸ ಊರಿಗೆಲ್ಲಾ ನಾನ ಬಡಿಸೀನ್ರಿ. ಅವತ್ತ ನನಗ ಬಡಿಸಿದ್ರು.’