ಕ್ಯಾಪ್ಟನ್ ಟಾರ್ಕ್ವಿಲ್ ನೆಲ ಹಿಡಿದ ಭಾನುವಾರ

ಟಾರ್ಕ್ವಿಲ್ ಮೆಕ್‌ಆಸ್ಕಿಲ್ ಸೈನ್ಯ ಸೇರಿದ್ದು ರಾಜನ ಮೇಲಿನ ಪ್ರೀತಿಯಿಂದ ಎಂದರೆ ನಮ್ಮ ಸ್ಕೈ ದ್ವೀಪದ ಕುರಿಗಳೂ ನಗುತ್ತವೆ. ಆಗ ರಾಜನ ಕಾನೂನಿನಂತೆ ನಮ್ಮ ಗಂಡಸರು ಸೊಂಟಕ್ಕೆ ಸುತ್ತುವ ಚೌಕಳಿ ಉಣ್ಣೆಬಟ್ಟೆ ಉಡುವಂತಿರಲಿಲ್ಲ, ಉಟ್ಟರೆ ಜೈಲು. ಸೈನಿಕರಿಗೆ ಮಾತ್ರ ವಿನಾಯಿತಿ. ಷರಾಯಿ ತೊಟ್ಟರೆ ಕಾಲಿಗೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದ ಈ ಮಹಾಶಯರು ಇಪ್ಪತ್ತನೆಯ ವಯಸ್ಸಿಗೇ ಅಮೆರಿಕದ ಯುದ್ಧಕ್ಕೆ ಹೊರಟರು. ಹೊರಡುವಾಗ ನಮ್ಮ ದೊಡ್ಡಮ್ಮ ಮಾರ್ಸಲಿಗೆ, "ಇದೇ ಬಟ್ಟೇಲಿ ಬಂದು ನಿನ್ನ ಮದುವೆ ಆಗ್ತೀನಿ" ಎಂದಿದ್ದರಂತೆ.

ಬಂದದ್ದು ಇಪ್ಪತ್ತಮೂರು ವರ್ಷದ ಮೇಲೆ. ಕ್ಯಾಪ್ಟನ್ ಪದವಿ, ಮಡಚಲಾಗದ ಎಡಮೊಣಕಾಲು, ಜೊತೆಗೆ ಧಾರಾಳವಾದ ಹೊಟ್ಟೆ. ಸೈನ್ಯ ಬಿಟ್ಟಿದ್ದರಿಂದ ಷರಾಯಿಯಲ್ಲೇ ಬಂದಿದ್ದರು. ಆ ವೇಷದಲ್ಲಿ ಮದುವೆಯ ಮಾತೆತ್ತಲು ಅವರಿಗೆ ಮುಖವಿರಲಿಲ್ಲ. ಎರಡು ವರ್ಷ ನಮ್ಮ ಒಲೆಯ ಮುಂದೆ ಕೂತು, ಓಟ್ಸ್ ರೊಟ್ಟಿ ತಿನ್ನುತ್ತಾ ಅಮೆರಿಕದ ಕ್ವಿಬೆಕ್ ಕೋಟೆಯನ್ನು ಬಾಯಲ್ಲೇ ನೂರು ಸಲ ಗೆದ್ದರು, ಅಷ್ಟೇ.

ಅಷ್ಟರಲ್ಲಿ ಆ ಬಟ್ಟೆಯ ಮೇಲಿನ ನಿಷೇಧ ತೆಗೆದ ಸುದ್ದಿ ಬಂತು. ದೊಡ್ಡಮ್ಮ ಖಡಾಖಂಡಿತವಾಗಿ ಹೇಳಿದಳು: "ಇನ್ನು ನೆಪ ಇಲ್ಲ ಕಣೋ. ಭಾನುವಾರ ಚರ್ಚಿಗೆ ಉಟ್ಕೊಂಡು ಬಾ. ಬಾಗಿಲು ಹಾಕೋದ್ರೊಳಗೆ ಬರ್ಲಿಲ್ವೋ, ಈ ಮಾರ್ಸಲಿ ಆಸೆ ಬಿಟ್ಬಿಡು."

ಭಾನುವಾರ ಗಂಟೆ ಹೊಡೆಯಿತು, ಚರ್ಚಿನ ಬಾಗಿಲೂ ಮುಚ್ಚಿತು. ಹೊರಗೇ ನಿಂತಿದ್ದ ದೊಡ್ಡಮ್ಮನ ಮುಖ ನೋಡಿ ನನಗೆ ಸಂಕಟವಾಯಿತು. ಕೊನೆಗೆ ಅವಳು ಸರಸರನೆ ಕ್ಯಾಪ್ಟನ್ನರ ಮನೆಗೆ ನಡೆದಳು, ಹಿಂದೆ ನಾನು.

ಆ ಬಟ್ಟೆಯನ್ನು ನೆಲಕ್ಕೆ ಹಾಸಿ, ನಿರಿಗೆ ಹಿಡಿದು, ಮೇಲೆ ಅಂಗಾತ ಮಲಗಿ, ನಡುಪಟ್ಟಿ ಬಿಗಿದು ಏಳಬೇಕು. ಸೈನ್ಯದಲ್ಲಿ ಸಾಹೇಬರನ್ನು ಎಬ್ಬಿಸಲು ಆಳಿದ್ದ. ಇಲ್ಲಿ ಮಲಗಿದ್ದೇನೋ ಆಯಿತು, ಏಳುವುದು ಮಾತ್ರ ಆಗಲಿಲ್ಲ. ಬೆನ್ನಡಿಯಾಗಿ ಬಿದ್ದ ಕುರಿಯ ಹಾಗೆ ಬೆಳಗಿನಿಂದ ಅಲ್ಲೇ ಇದ್ದರು.

"ಕೂಗೋದಲ್ವೇನೋ?"

"ಏನಂತ ಕೂಗ್ಲಿ? ಕ್ಯಾಪ್ಟನ್ ಬಿದ್ದವ್ನೆ, ಎತ್ರಪ್ಪಾ ಅಂತಲಾ?" ಆಮೇಲೆ ಮೆಲ್ಲಗೆ, "ಬಾಗಿಲು ಹಾಕಿದ್ರಾ, ಮಾರ್ಸಲಿ?"

"ಹಾಕಿದ್ರು."

ಅವರು ಕಣ್ಣು ಮುಚ್ಚಿಕೊಂಡರು. ಇಷ್ಟು ದಿನ ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು.

ದೊಡ್ಡಮ್ಮ ಮಂಡಿಯೂರಿ ನಿರಿಗೆ ಸರಿಮಾಡಿದಳು, ಪಟ್ಟಿ ಬಿಗಿದಳು, ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದಳು. ಹಿಂದೆ ಸರಿದು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವತ್ತೇನೋ ನಾನು ಬಂದೆ. ನಾಳೆ ನಿನ್ನ ಯಾರೋ ಎಬ್ಬಿಸ್ತಾರೆ?"

"ಅದನ್ನ ಕೇಳೋಕೇ ಹೊರಟಿದ್ದೆ ಕಣೇ."

ದೊಡ್ಡಮ್ಮ ಅವರ ತೋಳು ಹಿಡಿದು ದಾರಿಯುದ್ದಕ್ಕೂ ನಡೆಸಿಕೊಂಡು ಹೋಗಿ, ಮುಚ್ಚಿದ ಚರ್ಚಿನ ಬಾಗಿಲನ್ನು ತಾನೇ ದಬದಬ ಬಡಿದಳು.